ಮತ್ತು ಇವರ ಸಮಸ್ತ ಬಂಧುಬಳಗ

ತನ್ನ ಕತ್ತಿನ ಹಿಂಭಾಗ ಹಾಗಿದೆಯೆಂಬುದು ಐವತ್ತೆಂಟು ವರ್ಷವಾದರೂ ಕೊಸ್ತಾಕೆಗೆ ಗೊತ್ತಿರಲಿಲ್ಲ. ಸೋಮವಾರ ಸಂಜೆ ಸಂಸ್ಕೃತಿ ಭವನದ ಪರದೆಯ ಮೇಲೆ ಅದು ಮಂಚದಷ್ಟು ಅಗಲವಾಗಿ ಕಾಣಿಸಿತ್ತು: ದಪ್ಪನೆಯ ಎರಡು ಮಡಿಕೆ, ನಡುವೆ ಕೆಂಪಗೆ ಒಂದು ಗೆರೆ, ಕೋಟಿನ ಕಾಲರಿನ ಮೇಲೆ ಬಿಳಿಯ ಹೊಟ್ಟು. ಕ್ಯಾಮೆರಾ ಅಲ್ಲಿಂದ ಮುಂದಕ್ಕೆ ಬಂದು ಅವನ ಮುಖವನ್ನು ತೋರಿಸುವ ಮೊದಲೇ ಜನ ನಗಲು ಶುರುಮಾಡಿದ್ದರು. ಈಗ ಗುರುವಾರ ಬೆಳಿಗ್ಗೆ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಅವನು ಕಾಲರನ್ನು ಮೇಲೆತ್ತಿ, ಮಫ್ಲರನ್ನು ಎರಡು ಸುತ್ತು ಸುತ್ತಿಕೊಂಡು ನಿಂತಿದ್ದ. ಫೆಬ್ರವರಿ ಕಳೆಯುತ್ತ ಬಂದಿತ್ತು, ಚಳಿ ಅಷ್ಟೇನೂ ಇರಲಿಲ್ಲ. ಮಫ್ಲರಿನೊಳಗೆ ಬೆವರು ಇಳಿಯುತ್ತಿತ್ತು. ಹಿಂದೆ ನಿಂತವರು ನೋಡುತ್ತಿರುವುದು ಅದನ್ನೇ ಎಂದು ಅವನಿಗೆ ಅನಿಸಿತು, ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಸಾಲಿನಲ್ಲಿ ಅವನೇ ಕೊನೆಯವನು. ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಮೇಷ್ಟ್ರೇ, ಕರಿದೋ ಬಿಳಿದೋ?" ಎಂದಳು ಅಂಗಡಿಯ ಜೆನೋವಿಯ. ಚರ್ಚಿನಲ್ಲಿ ಹಾಡುವವನನ್ನು ಆ ಊರಿನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಅವನು ಯಾರಿಗೂ ಏನನ್ನೂ ಕಲಿಸಿದವನಲ್ಲ.

"ಕರಿದು."

"ನಮ್ಮ ಬೆಕ್ಕು ಮೊನ್ನೆ ಲಾರಿ ಕೆಳಗೆ ಸಿಕ್ತು. ಮಾರ್ತಾ ಅಂತ ಹೆಸರಿಟ್ಟಿದ್ವಿ. ಶನಿವಾರ ಓದೋ ಸತ್ತೋರ ಪಟ್ಟೀಲಿ ಹಾಕಬಹುದಾ, ಇಲ್ಲ ಸತ್ತು ನಲವತ್ತು ದಿನ ಆಗ್ಲೇಬೇಕಾ?"

ಸಾಲಿನಲ್ಲಿದ್ದ ಮುದುಕನೊಬ್ಬ, "ಬಿಡೇ, ಪಾಪ," ಎಂದ.

"ನಾನೇನು ನಗಾಡಿದ್ನಾ? ಗೊತ್ತಿಲ್ಲದ್ದನ್ನ ಕೇಳ್ದೆ," ಎಂದು ಜೆನೋವಿಯ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು. ಆಮೇಲೆ ದನಿ ತಗ್ಗಿಸಿ, ನಿಜವಾದ ಕಾಳಜಿಯಿಂದ, "ಆದ್ರೆ ಒಂದು ಮಾತು ಮೇಷ್ಟ್ರೇ. ನಿಮ್ಮ ಗಂಟಲು ಮಾತ್ರ ಸಿನಿಮಾದಲ್ಲಿ ಎಷ್ಟು ಚೆನ್ನಾಗಿ ಬಂದಿದೆ! ನಮ್ಮ ಯಜಮಾನ್ರು ಕಣ್ಣು ಒರೆಸಿಕೊಂಡ್ರು. ಆಮೇಲೆ ಅದು ನಾಯಿ ಅಂತ ಗೊತ್ತಾಯ್ತು," ಎಂದಳು.

ಅವನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯಾಯಿತು. ಬೀದಿಗಿಳಿದ ಮೇಲೂ ಮೊದಲನೆಯದೇ ಹೆಚ್ಚು ಹೊತ್ತು ಉಳಿದುಕೊಂಡಿತು. ಅಕ್ಟೋಬರಿನಲ್ಲಿ ಸಿನಿಮಾದ ಆ ಮೂವರು ಬಂದಾಗಲೂ ಅದೇ ಸಂತೋಷ. ಹಳೆಯ ಚರ್ಚು ಹಾಡುಗಾರಿಕೆಯ ಬಗ್ಗೆ ಚಿತ್ರ ತೆಗೆಯುತ್ತಿದ್ದೇವೆ ಎಂದಿದ್ದರು. ಅವರಲ್ಲಿ ಹೊರಿಯಾ ಎಂಬವನು ಟೀವಿಯ ಹಾಸ್ಯಗಾರ, ಅವನ ಮುಖವನ್ನು ಕೊಸ್ತಾಕೆ ಎಲ್ಲಿಯೂ ನೋಡಿರಲಿಲ್ಲ, ಮನೆಯಲ್ಲಿ ಟೀವಿ ಕೆಟ್ಟು ಆರು ವರ್ಷವಾಗಿತ್ತು. ತೆಳ್ಳಗಿನ, ವಿನಯದ, ಸಂತರ ಚಿತ್ರಪಟಗಳ ಮುಂದೆ ಟೋಪಿ ತೆಗೆಯಲು ಮರೆಯದ ಮನುಷ್ಯ. ಕೊಸ್ತಾಕೆ ಎರಡು ಸಲ ಗಡ್ಡ ಹೆರೆದುಕೊಂಡು, ತೀರಿಹೋದ ಅಣ್ಣನ ಕೋಟು ತೊಟ್ಟು ಬಂದಿದ್ದ. ಅಂದು ಶನಿವಾರ, ಸತ್ತವರ ಹೆಸರು ಓದುವ ದಿನ. ಮನೆಮನೆಯಿಂದ ಬಂದ ಚೀಟಿಗಳು ಬುಟ್ಟಿಯಲ್ಲಿದ್ದವು, ಹೊರಿಯಾನೂ ಒಂದು ಚೀಟಿ ಹಾಕಿದ್ದ. ಒಂಬತ್ತು ಹೆಸರು, ದೊಡ್ಡ ಅಚ್ಚಿನ ಅಕ್ಷರ, ಕನ್ನಡಕವಿಲ್ಲದೆ ಓದಬಹುದಾದಂಥದ್ದು. ಮೀಶ್ಕಾ, ಲಿಯೊಂತಿನ, ಜಾಂಫಿರ... ಮೀಶ್ಕಾ ಎಂದಾಗ ನದಿಯಾಚೆ ರಷ್ಯನ್ ಮಾತಾಡುವ ಊರುಗಳಿವೆ, ಅಲ್ಲಿಂದ ಬಂದ ಸೊಸೆಯೊಬ್ಬಳ ತಂದೆಯಿರಬಹುದು ಎಂದುಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿದೆ. ಹೆಸರಿಗೊಬ್ಬ ಮನುಷ್ಯನನ್ನು ಊಹಿಸಿಕೊಂಡು ಓದಿದ್ದ. ಒಂಬತ್ತನ್ನೂ ಓದಿದ್ದ. ಮೀಶ್ಕಾ ಹೊರಿಯಾನ ನಾಯಿ, ಲಿಯೊಂತಿನ ಅವನ ಅಜ್ಜಿ ಸಾಕಿ ಕ್ರಿಸ್‌ಮಸ್ಸಿಗೆ ಬೇಯಿಸಿದ ಹೆಣ್ಣು ಬಾತು, ಜಾಂಫಿರ ಅವನ ಮೋಟಾರ್ ಸೈಕಲ್ಲು. ಕೊನೆಯ ಹೆಸರು ಹೊರಿಯಾ, ಅವನೇ. ಚಿತ್ರದ ಕೊನೆಗೆ ಅವನು ಮೊಟ್ಟೆ ತಿನ್ನುತ್ತ ಕೂತು, "ನಾನು ಸತ್ತು ಮೂರು ತಿಂಗಳಾಯಿತು, ಉಪ್ಪು ಮೊದಲಿನಷ್ಟೇ ರುಚಿಸುತ್ತದೆ," ಎನ್ನುತ್ತಾನೆ. ಮೀಶ್ಕಾ ಹಿಮದಲ್ಲಿ ಓಡಿಬಂದು ಅವನ ತೊಡೆಯ ಮೇಲೆ ಹತ್ತುತ್ತದೆ. ಭವನದಲ್ಲಿ ಹೆಂಗಸರು ನಕ್ಕರು, ನಗುತ್ತಲೇ ಶಿಲುಬೆಯ ಗುರುತು ಮಾಡಿಕೊಂಡರು. ಬದುಕಿದ್ದಾಗಲೇ ಸತ್ತವರ ಚೀಟಿಯಲ್ಲಿ ಹೆಸರು ಬರೆದುಕೊಂಡವನು ಈಸ್ಟರ್ ದಾಟುವುದಿಲ್ಲ ಎಂದು ಹೊರಗೆ ಬರುವಾಗ ಯಾರೋ ಹೇಳಿದರು. ಆ ಮಾತಿನಲ್ಲಿ ದ್ವೇಷವಿರಲಿಲ್ಲ, ನಾಳೆ ಹಿಮ ಬೀಳುತ್ತದೆ ಎಂದು ಹೇಳುವ ಹಾಗಿತ್ತು.

ನಾಯಿಯದು ಅವನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಅದಾದ ಮೇಲಿನ ಭಾಗ. ಹಾಡು ಮುಗಿದು ಮೆಟ್ಟಿಲ ಮೇಲೆ ಕೂತಾಗ ಹೊರಿಯಾ ಕೇಳಿದ್ದ: "ನೀವು ಹೆಸರು ಓದ್ತೀರಲ್ಲ, ಅದನ್ನ ಯಾರು ಕೇಳಿಸಿಕೊಳ್ತಾರೆ?" ಆಗ ತಾನು ತಕ್ಷಣ ಏನೋ ಹೇಳಿದೆ ಎಂದೇ ಕೊಸ್ತಾಕೆ ನಂಬಿದ್ದ. ಪರದೆಯ ಮೇಲೆ ಹಾಗಾಗಲಿಲ್ಲ. ಅವನ ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು. ಒಂದು ನೊಣ ಮಂಡಿಯ ಮೇಲೆ ಕೂತಿತು. ಅವನು ಅದನ್ನು ನೋಡಿದ. ಪರದೆಯ ಮೂಲೆಯಲ್ಲಿ ಸೆಕೆಂಡುಗಳ ಎಣಿಕೆ ಓಡತೊಡಗಿತು, ಚಿತ್ರ ಮಾಡಿದವರ ಚೇಷ್ಟೆ, ಹತ್ತೊಂಬತ್ತರವರೆಗೆ ಹೋಯಿತು. ಭವನವೆಲ್ಲ ಅದರ ಜೊತೆ ಎಣಿಸಿತು. ಕೊನೆಗೆ ಅವನು, "ಅದನ್ನ ಫಾದರ್ ಅವರನ್ನೇ ಕೇಳಿ," ಎಂದ. ಅವತ್ತು ಅತಿ ದೊಡ್ಡ ನಗು ಎದ್ದದ್ದು ಆಗಲೇ. ಆ ಹತ್ತೊಂಬತ್ತು ಸೆಕೆಂಡುಗಳಲ್ಲಿ ತಾನು ಏನು ಯೋಚಿಸುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಮೂರು ದಿನದಿಂದ ಪ್ರಯತ್ನಿಸುತ್ತಿದ್ದ. ಏನೂ ಸಿಗಲಿಲ್ಲ. ನೊಣ ಮಾತ್ರ ಸಿಗುತ್ತಿತ್ತು.

ಸಂಸ್ಕೃತಿ ಭವನದ ಮೆಟ್ಟಿಲ ಮೇಲೆ ಮಿತ್ರು ಸಿಗರೇಟು ಸೇದುತ್ತಿದ್ದ. ಟಿಕೆಟ್ ಹರಿಯುವವನೂ ಚಿತ್ರ ಓಡಿಸುವವನೂ ಆಮೇಲೆ ಕಸ ಗುಡಿಸುವವನೂ ಅವನೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ತಪ್ಪಿಸಿಕೊಳ್ಳಲು ಕೊಸ್ತಾಕೆ ರಸ್ತೆಯ ಆಚೆ ಬದಿಗೆ ದಾಟಿದ, ಮಿತ್ರು ಅಲ್ಲಿಂದಲೇ ಕೂಗಿದ.

"ಏಯ್, ಸಿನಿಮಾ ನಟ! ನಿನ್ನ ಅಭಿಮಾನಿಯೊಬ್ಬಳು ದಿನಾ ಬರ್ತಾಳಲ್ಲೋ. ಮುಂದಿನ ಸಾಲು, ಮಧ್ಯದ ಕುರ್ಚಿ."

"ಯಾರು?"

"ಅಗ್ಲಾಯ ಮುದುಕಿ. ಸೋಮವಾರ, ಮಂಗಳವಾರ, ನಿನ್ನೆ. ನಗಲ್ಲ. ಎದ್ದೂ ಹೋಗಲ್ಲ. ನಿನ್ನ ಭಾಗ ಬಂದಾಗ ಕಿವಿಗೆ ಕೈ ಹೀಗೆ ಹಿಡೀತಾಳೆ. ನಿನ್ನೆ ನನ್ನ ಹತ್ರ ಬಂದು, ಆ ಭಾಗ ಮಾತ್ರ ಇನ್ನೊಂದು ಸಲ ಹಾಕೋಕೆ ಆಗುತ್ತಾ ಅಂದಳು. ಹಾಕ್ದೆ. ಯಾಕಮ್ಮಾ ಅಂದೆ. ಕೇಳಿಸಿಕೊಳ್ಳೋಕೆ ಅಂದಳು."

"ಏನು ಕೇಳಿಸಿಕೊಳ್ಳೋಕೆ?"

"ನಿನ್ನನ್ನ. ಮತ್ಯಾರನ್ನ, ನಾಯೀನಾ?"

ಪಾದ್ರಿ ಬರಹೇಳಿದ್ದರು, ಅಲ್ಲಿಂದ ಅವರ ಮನೆಗೆ ನಾಲ್ಕು ನಿಮಿಷದ ದಾರಿ. ಆ ನಾಲ್ಕು ನಿಮಿಷ ಅವನು ಅಗ್ಲಾಯಳನ್ನು ಕುರಿತು ಯೋಚಿಸಬಾರದೆಂದು ನಿರ್ಧರಿಸಿ, ಅವಳನ್ನೇ ಕುರಿತು ಯೋಚಿಸಿದ. ದಾರಿಗಳು ಕೂಡುವ ಬೀದಿಯ ಕೊನೆಯ ಮನೆ ಅವಳದು. ಬಲಗಿವಿ ಕೇಳುವುದಿಲ್ಲ. ಚರ್ಚಿನಲ್ಲಿ ಎಡಗಡೆಯ ಕಂಬದ ಪಕ್ಕ ನಿಲ್ಲುತ್ತಾಳೆ, ನಿಲ್ಲುವಾಗ ಎಡಗಿವಿಯನ್ನು ಅವನ ಕಡೆಗೆ ತಿರುಗಿಸಿರುತ್ತಾಳೆ. ಅದನ್ನು ಅವನು ಎಷ್ಟೋ ವರ್ಷ ತನ್ನ ಹಾಡಿಗೆ ಸಂದ ಮರ್ಯಾದೆಯೆಂದು ತಿಳಿದಿದ್ದ. ಅವಳ ಮಗ ದೊರಿನ್ ಸಿರೇತ್ ನದಿಯ ಮಂಜುಗಡ್ಡೆ ಒಡೆದು ಮುಳುಗಿದ್ದು ಒಂಬತ್ತು ವರ್ಷದ ಹಿಂದೆ. ಮೂವತ್ತೊಂದು ವಯಸ್ಸು, ಕೈಯಲ್ಲಿ ಮೀನಿನ ಬಕೆಟ್ಟು. ಹೂಳುವಾಗ ಕೊಸ್ತಾಕೆಯೇ ಹಾಡಿದ್ದ. ಆವತ್ತಿನಿಂದ ಒಂದು ಶನಿವಾರವೂ ತಪ್ಪದೆ ಅವಳ ಚೀಟಿ ಬುಟ್ಟಿಗೆ ಬೀಳುತ್ತಿತ್ತು.

ಫಾದರ್ ವಿಸಾರಿಯೋನ್ ಅಡುಗೆಮನೆಯಲ್ಲಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದರು. ಬೆಕ್ಕು ಒಂದು ಹಾಳೆಯ ಮೇಲೆ ಮಲಗಿತ್ತು. ಬಿಷಪ್ಪರ ಕಚೇರಿಯಿಂದ ಪತ್ರ ಬಂದಿದೆ ಎಂದರು. ಓದಿದ್ದು ಯಾರು, ಏನೇನು ಓದಿದರು, ಯಾಕೆ ಓದಿದರು ಎಂದು ಲಿಖಿತವಾಗಿ ಕೇಳಿದ್ದಾರೆ.

"ಯಾಕೆ ಓದಿದರು ಅಂದ್ರೆ ಏನು ಬರೀಲಿ ಫಾದರ್? ಚೀಟೀಲಿ ಇತ್ತು, ಓದ್ದೆ."

"ನೀನು ಬರೀಬೇಡ. ನಾನು ಬರೆದಿದೀನಿ. ಕೇಳು." ಅವರು ಬೆಕ್ಕನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಟ್ಟು, ಕಾಗದವನ್ನು ದೂರ ಹಿಡಿದು ಓದಿದರು. "ಚಿತ್ರದವರು ಧ್ವನಿಯನ್ನು ಬೇಕಾದಂತೆ ಕತ್ತರಿಸಿ ಜೋಡಿಸಿದ್ದಾರೆ. ನಮ್ಮ ಚರ್ಚಿನಲ್ಲಿ ಅಂದು ಓದಿದ್ದಕ್ಕೂ ಚಿತ್ರದಲ್ಲಿ ಕೇಳುವುದಕ್ಕೂ ಸಂಬಂಧವಿಲ್ಲ. ಇಷ್ಟೇ. ಕೆಳಗೆ ನೀನು ಸಹಿ ಹಾಕು, ಸೋಮವಾರದ ಟಪಾಲಿಗೆ ಹೋಗ್ಲಿ."

"ಆದ್ರೆ ನಾನು ಓದಿದ್ದು ಹೌದಲ್ಲ."

"ನೀನು ಓದಿದ್ದು ಮನುಷ್ಯರ ಹೆಸರು ಅಂದ್ಕೊಂಡು. ಅಂದಮೇಲೆ ನಾಯಿ ಹೆಸರು ಓದಿಲ್ಲ ಅಂತಾಯ್ತು. ಸುಳ್ಳೇನಿದೆ ಇದರಲ್ಲಿ?" ಫಾದರ್ ಕೆಟ್ಟ ಮನುಷ್ಯರಲ್ಲ. ಅರವತ್ತಾರು ವರ್ಷ, ಅವರ ಪಂಥದ ಪಾದ್ರಿಗಳ ವಾಡಿಕೆಯಂತೆ ಸಂಸಾರಸ್ಥರು, ಎರಡೂ ಕಣ್ಣಿನಲ್ಲಿ ಪೊರೆ, ಹೆಸರು ಓದುವ ಕೆಲಸ ಕೊಸ್ತಾಕೆಗೆ ಬಂದದ್ದೇ ಆ ಪೊರೆಯಿಂದ. "ನೋಡು, ಅವರಿಗೆ ಬೇಕಾಗಿರೋದು ಒಂದು ಕಾಗದ. ಕಾಗದ ಬಂತು ಅಂದ್ರೆ ಅವರು ಅದನ್ನ ಒಂದು ಕಡತದಲ್ಲಿ ಹಾಕ್ತಾರೆ. ನೀನೂ ಸುಖ, ನಾನೂ ಸುಖ. ಶನಿವಾರ ಪೂಜೆಗೆ ಬರುವಾಗ ಸಹಿ ಹಾಕಿ ತಗೊಂಡ್ ಬಾ. ಮತ್ತೆ ಕೊಸ್ತಾಕೆ, ಈ ಶನಿವಾರ ಊರೆಲ್ಲ ಚೀಟಿ ತರುತ್ತೆ. ಸತ್ತವರಿಗೆಲ್ಲ ಇದೇ ವರ್ಷದ ದೊಡ್ಡ ಶನಿವಾರ. ಸ್ವಲ್ಪ ಬೇಗ ಬೇಗ. ಹೋದ ವರ್ಷ ಸೂಪು ತಣ್ಣಗಾಯ್ತು ಅಂತ ನಮ್ಮಾಕೆ ಈಸ್ಟರ್‌ವರೆಗೂ ಹೇಳಿದ್ಲು."

ಬೇಗ ಬೇಗ ಎಂದರೆ ಹೇಗೆಂದು ಇಬ್ಬರಿಗೂ ಗೊತ್ತಿತ್ತು. ಹೇಗೆಂದು ಇಬ್ಬರೂ ಎಂದೂ ಮಾತಾಡಿರಲಿಲ್ಲ. ಚೀಟಿಯನ್ನು ಎತ್ತಿಕೊಳ್ಳುವುದು, ಮೊದಲ ಹೆಸರನ್ನು ಗಂಟಲು ತುಂಬಿ ಎಳೆದು ಓದುವುದು, ಎರಡನೆಯದರ ಮೇಲೆ ಕಣ್ಣು ಜಾರಿಸುವುದು, ಆಮೇಲೆ "ಮತ್ತು ಇವರ ಸಮಸ್ತ ಬಂಧುಬಳಗ" ಎಂದು ಇಳಿದ ದನಿಯಲ್ಲಿ ಮುಗಿಸಿ ಮುಂದಿನ ಚೀಟಿಗೆ ಹೋಗುವುದು. ಆ ಮಾತು ಪುಸ್ತಕದಲ್ಲೇ ಇದೆ. ಮರೆತುಹೋದವರನ್ನೂ ಒಳಗೆ ಸೇರಿಸಿಕೊಳ್ಳಲಿ ಎಂದು ಹಿಂದಿನವರು ಇಟ್ಟ ಮಾತು. ಅದನ್ನು ಕಣ್ಣೆದುರಿಗೆ ಬರೆದಿಟ್ಟ ಹೆಸರುಗಳನ್ನು ದಾಟಿಹೋಗಲು ಬಳಸಬಹುದೆಂದು ಅವನು ಕಂಡುಕೊಂಡದ್ದು ಯಾವ ವರ್ಷವೆಂದು ಅವನಿಗೆ ನೆನಪಿಲ್ಲ. ಒಂದು ದಿನ ಗಂಟಲು ಕೆಟ್ಟಿತ್ತು. ಮುಂದಿನ ಶನಿವಾರ ಗಂಟಲು ಸರಿಯಾಗಿತ್ತು, ಅಭ್ಯಾಸ ಉಳಿದಿತ್ತು. ಏನೂ ಆಗಲಿಲ್ಲ. ಛಾವಣಿ ಬೀಳಲಿಲ್ಲ, ಯಾರೂ ಕೇಳಲಿಲ್ಲ. ಆ ಹಾಸ್ಯಗಾರ ಒಂದು ಚೀಟಿಯಿಂದ ತೋರಿಸಿಕೊಟ್ಟದ್ದನ್ನು ತಾನು ವರ್ಷಗಟ್ಟಲೆ, ಶನಿವಾರ ಶನಿವಾರ, ಯಾವ ಕ್ಯಾಮೆರಾ ಇಲ್ಲದೆ ಪರೀಕ್ಷಿಸುತ್ತಲೇ ಇದ್ದೆನೋ ಏನೋ ಎಂಬ ಯೋಚನೆ ಪಾದ್ರಿಯ ಮನೆಯ ಗೇಟು ಹಾಕುವಾಗ ಬಂತು. ಗೇಟಿನ ಕೊಂಡಿ ಸರಿಯಾಗಿ ಕೂರಲಿಲ್ಲ. ಅದನ್ನು ಕೂರಿಸುತ್ತ ಬಹಳ ಹೊತ್ತು ನಿಂತ.

ಮಧ್ಯಾಹ್ನ ಅವನು ಬೀನ್ಸ್ ಬೇಯಿಸಿಕೊಂಡು ಉಣ್ಣಲು ಕೂತಾಗ ಬಾಗಿಲು ತಟ್ಟಿದ್ದು ಅಗ್ಲಾಯ. ಒಳಗೆ ಬಂದು, ತಲೆಯ ಮೇಲಿನ ಕಪ್ಪು ವಸ್ತ್ರವನ್ನು ಸಡಿಲಿಸದೆ, ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಅವನು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ.

"ಉಣ್ಣಿ, ಉಣ್ಣಿ. ತಣ್ಣಗಾಗುತ್ತೆ."

"ಪರವಾಗಿಲ್ಲ, ಅಗ್ಲಾಯಮ್ಮ."

"ಸಿನಿಮಾ ನೋಡ್ದೆ."

"ಕೇಳ್ದೆ. ಮಿತ್ರು ಹೇಳ್ದ."

"ಆ ಹುಡುಗ ಕೆಟ್ಟೋನಲ್ಲ. ಬಹಳ ತೆಳ್ಳಗಿದಾನೆ. ಅವನ ನಾಯಿ ಚೆನ್ನಾಗಿದೆ." ಅವಳು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. "ಮೊದಲನೇ ದಿನ ನಾಯಿ ಹೆಸರಷ್ಟೇ ಕೇಳಿಸಿತು, ಎಲ್ರೂ ನಗ್ತಿದ್ರಲ್ಲ. ಎರಡನೇ ದಿನ ಜನ ಕಮ್ಮಿ. ಚರ್ಚಲ್ಲಿ ನಂಗೆ ಅರ್ಧಂಬರ್ಧ ಕೇಳಿಸೋದು, ಅಲ್ಲಿ ಗಟ್ಟಿಯಾಗಿ ಕೇಳಿಸಿತು. ನಾಯಿಗಿಂತ ಮುಂಚೆ ನೀವು ನಮ್ಮ ಚೀಟಿ ಹಿಡ್ಕೊಂಡಿದ್ರಿ. ನೀಲಿ ಗೆರೆ ಕಾಗದ, ನಂದೇ. ನೆಕುಲಾಯ್ ಅಂದ್ರಿ. ನಮ್ಮ ಮಾವ. ಆಮೇಲೆ ಬಂಧುಬಳಗ ಅಂದ್ರಿ. ಆಮೇಲೆ ನಾಯಿ ಬಂತು."

ಕೊಸ್ತಾಕೆ ತಟ್ಟೆಯ ಅಂಚನ್ನು ನೋಡಿದ. ಈಗ ಅವನಿಗೆ ಅದು ಕಂಡಿತು, ಪರದೆಯ ಮೇಲೆ ಕಂಡಂತಲ್ಲ, ಅಂದು ಕೈಯಲ್ಲಿದ್ದಂತೆ: ನೀಲಿ ಗೆರೆಯ ಕಾಗದ, ಶಾಲೆಯ ನೋಟುಪುಸ್ತಕದಿಂದ ಹರಿದದ್ದು, ಪಕ್ಕದಲ್ಲಿ ಕ್ಯಾಮೆರಾದವನ ಉಸಿರು. ಕ್ಯಾಮೆರಾ ಹತ್ತಿರ ಬರುತ್ತಿದೆಯೆಂದು ಅವನಿಗೆ ಗೊತ್ತಾಗಿತ್ತು. ಅದಕ್ಕೇ ಆ ಚೀಟಿಯನ್ನು ಬೇಗ ಮುಗಿಸಿ, ಮುಂದಿನದನ್ನು ಪೂರ್ತಿಯಾಗಿ, ರಾಗವಾಗಿ ಓದಿದ್ದ.

"ದೊರಿನ್ ಐದನೇದು," ಎಂದಳು ಅಗ್ಲಾಯ. "ಸತ್ತ ಕ್ರಮದಲ್ಲಿ ಬರೀತೀನಿ. ನಮ್ಮಮ್ಮ ಹಂಗೇ ಬರೀತಿದ್ದಳು. ಅದಕ್ಕೆ ಕೇಳೋಣ ಅಂತ ಬಂದೆ. ಅದು ಸಿನಿಮಾದವರು ತೆಗೆದು ಹಾಕಿದ್ದಾ, ಇಲ್ಲ ನೀವಾ?"

ಅವಳು ಕೇಳಿದ ರೀತಿಯಲ್ಲಿ ಆರೋಪವಿರಲಿಲ್ಲ. ಅಂಗಡಿಯಲ್ಲಿ ಕರಿದೋ ಬಿಳಿದೋ ಎಂದು ಕೇಳಿದ ಹಾಗಿತ್ತು. ಕೋಟಿನ ಒಳಜೇಬಿನಲ್ಲಿ ಫಾದರ್ ಬರೆದ ಕಾಗದ ಎದೆಗೆ ಒತ್ತುತ್ತಿತ್ತು. ಅವನಿಗೆ ಹತ್ತೊಂಬತ್ತು ಸೆಕೆಂಡು ಬೇಕಾಗಲಿಲ್ಲ.

"ಸಿನಿಮಾದವರು ಧ್ವನೀನ ಬೇಕಾದ ಹಾಗೆ ಕತ್ತರಿಸಿ ಜೋಡಿಸ್ತಾರೆ, ಅಗ್ಲಾಯಮ್ಮ."

"ಹಂಗಾ."

"ಹಂಗೇ. ಅಲ್ಲಿ ಓದಿದ್ದಕ್ಕೂ ಸಿನಿಮಾದಲ್ಲಿ ಕೇಳೋದಕ್ಕೂ ಸಂಬಂಧ ಇರಲ್ಲ."

"ಅಂದ್ರೆ ನೀವು ಓದಿದ್ರಿ."

"ಓದ್ದೆ."

ಅವಳು ತಲೆಯಾಡಿಸಿದಳು. ಒಲೆಯ ಮೇಲಿನ ಪಾತ್ರೆ ಟಿಕ್ ಟಿಕ್ ಎಂದು ಆರುತ್ತಿತ್ತು. "ದೊರಿನ್‌ನ ಕತ್ತರಿಸಿ ಅವರಿಗೇನು ಸಿಗ್ತೋ," ಎಂದಳು. "ನಮ್ಮ ಮಾವನ್ನ ಮಾತ್ರ ಬಿಟ್ಟಿದಾರೆ ನೋಡಿ. ಬದುಕಿದ್ದಾಗಲೂ ಹಂಗೇ, ಎಲ್ಲರಿಗಿಂತ ಮೊದಲು ಅವನ ಮುಂದೆ ತಟ್ಟೆ ಹೋಗ್ಬೇಕು. ಇಲ್ಲಿ ಎರಡು ಹಲ್ಲಿಲ್ಲ, ನೋಡಿದೀರಾ? ಅವನೇ ಮುರಿದಿದ್ದು. ಸೂಪಿಗೆ ಉಪ್ಪು ಜಾಸ್ತಿಯಾಯ್ತು ಅಂತ." ಅವಳು ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಅವನು ನೋಡಬೇಕಾಯಿತು. "ದೊರಿನ್ ಆಗ ಹೊಟ್ಟೇಲಿದ್ದ. ಹೆಸರು ಓದದೆ ಹೋದ್ರೆ ಸತ್ತೋರು ಅಲ್ಲಿ ಬಾಗಿಲ ಹೊರಗೆ ನಿಂತಿರ್ತಾರಂತೆ, ಬೇರೆಯೋರಿಗೆ ಬಡಿಸೋದನ್ನ ನೋಡ್ತಾ. ನಮ್ಮಮ್ಮ ಹೇಳ್ತಿದ್ದಳು. ನಿಜವೋ ಸುಳ್ಳೋ. ಆ ಹುಡುಗ ಸಿನಿಮಾದಲ್ಲಿ ಸುಳ್ಳು ಅಂತಾನೆ. ಅವನು ಓದಿದೋನು."

ಎದ್ದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ತಿರುಗಿದಳು, ಎಡಗಿವಿ ಅವನ ಕಡೆಗೆ.

"ಮೇಷ್ಟ್ರೇ, ಚೀಟೀಲಿ ಯಾರನ್ನ ಮೊದಲು ಬರೀಬೇಕು ಅಂತ ಏನಾದ್ರೂ ನಿಯಮ ಇದೆಯಾ?"

"ಇಲ್ಲ. ಹೆಂಗಾದ್ರೂ ಬರೀಬಹುದು."

"ಸರಿ. ಉಣ್ಣಿ ನೀವು."

ಬೀನ್ಸ್ ತಣ್ಣಗಾಗಿತ್ತು. ಅವನು ಅದನ್ನು ಹಾಗೆಯೇ, ಪೂರ್ತಿ, ಒಂದೊಂದು ಕಾಳನ್ನೂ ಬಿಡದೆ ತಿಂದ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂಬುದು ಅವನನ್ನು ಅಚ್ಚರಿಗೊಳಿಸಿತು. ಆಮೇಲೆ ಅದು ತನ್ನದಲ್ಲ, ಫಾದರ್ ಅವರದು, ತಾನು ಬರೀ ಓದಿ ಹೇಳಿದೆ ಎಂದು ಅನಿಸಿತು. ಜೀವನವಿಡೀ ತಾನು ಮಾಡಿದ್ದು ಅದನ್ನೇ. ಬೇರೆಯವರು ಬರೆದದ್ದನ್ನು ಒಳ್ಳೆಯ ಗಂಟಲಿನಲ್ಲಿ ಓದುವುದು. ಶುಕ್ರವಾರವಿಡೀ ಅವನು ಸಹಿ ಹಾಕಲು ಪೆನ್ನು ಹುಡುಕಿದ. ಪೆನ್ನು ಸಿಕ್ಕಿತು, ಶಾಯಿಯಿರಲಿಲ್ಲ. ಪೆನ್ಸಿಲು ಸಿಕ್ಕಿತು. ಬಿಷಪ್ಪರಿಗೆ ಹೋಗುವ ಕಾಗದಕ್ಕೆ ಪೆನ್ಸಿಲಿನಲ್ಲಿ ಸಹಿ ಹಾಕುವುದು ಸರಿಯಲ್ಲ ಎಂದು ಕಾಗದವನ್ನೂ ಪೆನ್ಸಿಲನ್ನೂ ಒಟ್ಟಿಗೆ ಜೇಬಿನಲ್ಲಿಟ್ಟುಕೊಂಡ. ಸಂಜೆ ಕನ್ನಡಿಗೆ ಬೆನ್ನು ಮಾಡಿ, ಇನ್ನೊಂದು ಸಣ್ಣ ಕನ್ನಡಿ ಹಿಡಿದು, ಕತ್ತನ್ನು ನೋಡಿಕೊಳ್ಳಲು ಪ್ರಯತ್ನಿಸಿದ. ಕಿವಿ ಮಾತ್ರ ಕಂಡಿತು.

ಶನಿವಾರ ಬೆಳಿಗ್ಗೆ ಚರ್ಚು ತುಂಬಿತ್ತು. ನೆಲದ ಮೇಲೆ ಹಾಸಿದ ಬಟ್ಟೆಗಳ ಮೇಲೆ ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿಯ ತಟ್ಟೆಗಳು, ಮೇಲೆ ಸಕ್ಕರೆಪುಡಿ, ಸಕ್ಕರೆಯ ಮೇಲೆ ಕೋಕೋದಿಂದ ಎಳೆದ ಶಿಲುಬೆ, ಪ್ರತಿಯೊಂದರಲ್ಲೂ ನೆಟ್ಟ ಮೇಣದ ಬತ್ತಿ. ಜನ ಪಿಸುಗುಡುತ್ತಿದ್ದರು. ಅವನು ಹಾಡುವ ಪೀಠಕ್ಕೆ ಹತ್ತಿದಾಗ ಪಿಸುಮಾತು ನಿಂತಿತು, ಯಾರೋ ಕೆಮ್ಮಿನಂಥ ಸದ್ದು ಮಾಡಿದರು, ಅದು ಬೊಗಳಿದ್ದೂ ಇರಬಹುದು. ಚಿತ್ರ ನೋಡಿ ನಕ್ಕವರೇ ಎಲ್ಲರೂ. ಅವರು ಬಂದಿದ್ದರು, ಹೋದ ವರ್ಷಕ್ಕಿಂತ ಹೆಚ್ಚೇ ಬಂದಿದ್ದರು, ತಮ್ಮ ತಮ್ಮ ಸತ್ತವರನ್ನು ಕಾಗದದಲ್ಲಿ ಮಡಚಿ ತಂದಿದ್ದರು. ನಗುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ಅನಿಸಿದಂತಿರಲಿಲ್ಲ. ಬುಟ್ಟಿ ತುಂಬಿ ಇನ್ನೊಂದು ಬುಟ್ಟಿ ಇಟ್ಟಿದ್ದರು. ಜೆನೋವಿಯಳ ಚೀಟಿ ಎಲ್ಲಕ್ಕಿಂತ ಮೇಲಿತ್ತು. ಅದರಲ್ಲಿ ಮಾರ್ತಾ ಇರಲಿಲ್ಲ. ಅವನು ಅದರ ಮೊದಲ ಹೆಸರು ಓದಿದ, ಬಂಧುಬಳಗ ಎಂದ. ಹೀಗೆ ಏಳೆಂಟು ಚೀಟಿಗಳು ಹೋದವು. ಸಂತರ ಚಿತ್ರಪಟಗಳ ಅಡ್ಡಗೋಡೆಯ ಹಿಂದಿನಿಂದ ಫಾದರ್ ವಿಸಾರಿಯೋನ್ ಧೂಪ ಬೀಸುವ ಸದ್ದು, ಸರಪಳಿಯ ಕಿಣಿ ಕಿಣಿ, ಹದವಾಗಿ ಕೇಳುತ್ತಿತ್ತು. ಎಲ್ಲವೂ ಬೇಗ ಬೇಗ ಸಾಗುತ್ತಿತ್ತು.

ಒಂಬತ್ತನೆಯದು ನೀಲಿ ಗೆರೆಯ ಕಾಗದ. ಬಿಡಿಸಿದ. ಮೇಲೆ ಶಿಲುಬೆ, ಅದರ ಕೆಳಗೆ ಒಂದೇ ಹೆಸರು. ದೊರಿನ್. ಅಚ್ಚಿನ ಅಕ್ಷರಗಳಂತೆ ದೊಡ್ಡದಾಗಿ, ಕನ್ನಡಕವಿಲ್ಲದವನೂ ಓದಬಹುದಾದ ಹಾಗೆ, ತಿದ್ದಿ ತಿದ್ದಿ ಬರೆದದ್ದು. ಕೆಳಗೆ ಖಾಲಿ ಗೆರೆಗಳು. ಅವನು ಕಾಗದವನ್ನು ತಿರುಗಿಸಿ ನೋಡಿದ. ಹಿಂದೆಯೂ ಏನೂ ಇರಲಿಲ್ಲ.

"ದೊರಿನ್," ಎಂದು ಓದಿದ. ದನಿ ಚೆನ್ನಾಗಿಯೇ ಬಂತು. ನಾಲಗೆ ತಾನಾಗಿ ಮುಂದಿನ ಮಾತಿಗೆ ಎದ್ದಿತು, ಮತ್ತು ಇವರ ಎಂಬಲ್ಲಿಗೆ ಬಂದು ನಿಂತಿತು. ಬಾಗಿಲು ಇಷ್ಟೇ ತೆರೆಯುವುದು, ಒಬ್ಬನಿಗೆ ಮಾತ್ರ ಜಾಗ ಎಂದು ಅಗ್ಲಾಯಳಿಗೆ ಗೊತ್ತಾಗಿತ್ತು. ಉಳಿದವರನ್ನೆಲ್ಲ ಅವಳೇ ಚಳಿಯಲ್ಲಿ ಹೊರಗೆ ನಿಲ್ಲಿಸಿ, ಮಗನನ್ನು ಮುಂದೆ ತಳ್ಳಿದ್ದಳು. ಗಂಡನನ್ನೂ ನಿಲ್ಲಿಸಿದ್ದಳು. ಗಂಡನ ಹೆಸರೇನು? ಅವನನ್ನು ಹೂಳುವಾಗಲೂ ತಾನೇ ಹಾಡಿದ್ದು, ಮಳೆಯಿತ್ತು, ಹಾರೆ ಮುರಿದಿತ್ತು, ಹೆಸರು ಮಾತ್ರ ಬರಲಿಲ್ಲ. ಒಂಬತ್ತು ವರ್ಷ ಪ್ರತಿ ಶನಿವಾರ ಕಣ್ಣೆದುರಿಗೆ ಬರೆದಿಟ್ಟಿದ್ದ ಹೆಸರುಗಳಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಒಂದು: ನೆಕುಲಾಯ್. ಅದು ಬೇಡವೆಂದರೂ ಬಾಯಿಗೆ ಬರುತ್ತಿತ್ತು.

ಎಷ್ಟು ಸೆಕೆಂಡುಗಳಾದವೋ, ಈ ಸಲ ಯಾರೂ ಎಣಿಸುತ್ತಿರಲಿಲ್ಲ. ಎಡಗಡೆಯ ಕಂಬದ ಪಕ್ಕ ಅಗ್ಲಾಯ ನಿಂತಿದ್ದಳು, ಕಿವಿ ಈ ಕಡೆಗೆ. ಕಣ್ಣು ಗೋಧಿಯ ತಟ್ಟೆಯ ಮೇಲಿತ್ತು. ಅವಳು ಹೆಸರು ಕೇಳಿಸಿಕೊಂಡಾಗಿತ್ತು, ಅವನಿಂದ ಮತ್ತೇನನ್ನೂ ನಿರೀಕ್ಷಿಸುತ್ತಿರಲಿಲ್ಲ. ಅದು ಅವಳ ನಿಲುವಿನಲ್ಲೇ ತಿಳಿಯುತ್ತಿತ್ತು, ಅಂಗಡಿಯಲ್ಲಿ ಬೇಕಾದ್ದು ಕೊಂಡು ಮುಗಿದ ಮೇಲೆ ಚೀಲ ಹಿಡಿದು ನಿಂತವರ ಹಾಗೆ. ಕೊಸ್ತಾಕೆ ಪೀಠದಿಂದ ಕೆಳಗಿಳಿದ. ಪೂಜೆಯ ನಡುವೆ ಅವನು ಪೀಠ ಬಿಟ್ಟು ಇಳಿದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಜನ ತಟ್ಟೆಗಳನ್ನು ಎಳೆದುಕೊಂಡು ದಾರಿ ಬಿಟ್ಟರು. ಅವನು ಎಲ್ಲರಿಗೂ ಬೆನ್ನು ಹಾಕಿ, ಮಫ್ಲರಿಲ್ಲದ ಕತ್ತಿನಲ್ಲಿ, ಕಂಬದ ಹತ್ತಿರ ಹೋಗಿ ನಿಂತ. ಅವಳಿಗೆ ಕೇಳಬೇಕಾದರೆ ಗಟ್ಟಿಯಾಗಿ ಮಾತಾಡಬೇಕು. ಗಟ್ಟಿಯಾಗಿ ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ.

"ಅಗ್ಲಾಯಮ್ಮ, ಉಳಿದವರ ಹೆಸರು ಹೇಳಿ."

ಅವಳು ತಲೆಯೆತ್ತಿದಳು. "ನಿಮಗೆ ಗೊತ್ತಿರ್ಬೇಕಲ್ಲ. ವಾರ ವಾರ ಓದಿದೀರಿ."

"ಓದಿಲ್ಲ."

"ಸಿನಿಮಾದವರು..."

"ಸಿನಿಮಾದವರಲ್ಲ. ನಾನು."

ಹಿಂದೆ ಯಾರೋ, "ಏನಂತೆ?" ಎಂದರು. ಯಾರೋ, "ಶ್ಶ್," ಎಂದರು. ಅಗ್ಲಾಯಳ ಮುಖದಲ್ಲಿ ಏನೂ ಬದಲಾಗಲಿಲ್ಲ. ತಟ್ಟೆಯಲ್ಲಿ ನೆಟ್ಟ ಬತ್ತಿ ವಾಲಿತ್ತು, ಬಗ್ಗಿ ಅದನ್ನು ನೆಟ್ಟಗೆ ಮಾಡಿದಳು. ಕೊಸ್ತಾಕೆ ಜೇಬಿನಿಂದ ಪೆನ್ಸಿಲು ತೆಗೆದ, ಅದರ ಜೊತೆ ಬಂದ ಕಾಗದವನ್ನು ತಿರುವಿಹಾಕಿ ಕಂಬಕ್ಕೆ ಒತ್ತಿ ಹಿಡಿದ. ಆ ಕಡೆ ಖಾಲಿಯಿತ್ತು.

"ತೊವಾದೆರ್," ಎಂದಳು. "ನಮ್ಮ ಯಜಮಾನ್ರು."

ಬರೆದ.

"ಸಾಫ್ತ. ಅತ್ತೆ. ಕತಿಂಕ, ನನ್ನ ತಂಗಿ. ಮತ್ತೆ ಒಂದು ಮಗು, ಹೆಸರಿಡೋಕೆ ಮುಂಚೆ ಹೋಯ್ತು. ಅದಕ್ಕೆ ಏನು ಬರೀಬೇಕೋ ಗೊತ್ತಿಲ್ಲದೆ ಯಾವತ್ತೂ ಬರೆದಿಲ್ಲ."

"ಮಗು ಅಂತ ಬರೀತೀನಿ."

"ಬರೀರಿ."

ಅವನು ಬರೆದು, "ನೆಕುಲಾಯ್?" ಎಂದ.

ಅಗ್ಲಾಯ ಯೋಚಿಸಿದಳು. ನ್ಯಾಯವಾಗಿಯೇ ಯೋಚಿಸಿದಳು. "ಈ ಸಲ ಬೇಡ," ಎಂದಳು. "ಅವನಿಗೆ ಒಂಬತ್ತು ವರ್ಷದ್ದು ಸಂದಿದೆ. ಮಿಕ್ಕೋರು ಸ್ವಲ್ಪ ಉಣ್ಣಲಿ."

ಅವನು ಪೀಠಕ್ಕೆ ಮರಳಿದ. ಬಿಷಪ್ಪರಿಗೆ ಹೋಗಬೇಕಾಗಿದ್ದ ಕಾಗದವನ್ನು ನೀಲಿ ಗೆರೆಯ ಕಾಗದದ ಪಕ್ಕದಲ್ಲಿಟ್ಟು, ದೊರಿನ್‌ನಿಂದಲೇ ಮತ್ತೆ ಶುರುಮಾಡಿ, ಐದೂ ಓದಿದ. ಮಗು ಎಂದಾಗ ದನಿ ಒಡೆಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಮತ್ತು ಕ್ಯಾಮೆರಾ ಇರಲಿಲ್ಲ. ಅದು ಅವನಿಗೆ ಹೊಳೆದು, ಇಂಥ ಹೊತ್ತಿನಲ್ಲೂ ಹೊಳೆಯಿತಲ್ಲ ಎಂದು ಅಸಹ್ಯವಾಯಿತು. ಮುಂದಿನ ಚೀಟಿ ಎತ್ತಿಕೊಂಡ. ಇಪ್ಪತ್ತಮೂರು ಹೆಸರು, ಮುದುಕರ ಕೈಬರಹ, ಇರುವೆ ಸಾಲಿನಂತೆ. ಕನ್ನಡಕ ಹುಡುಕಿ ಹಾಕಿಕೊಂಡು ಇಪ್ಪತ್ತಮೂರನ್ನೂ ಓದಿದ. ಅದರ ಮುಂದಿನದರಲ್ಲಿ ಹದಿನಾಲ್ಕು. ಆಮೇಲೆ ಆಗಲೇ ಪಕ್ಕಕ್ಕಿಟ್ಟಿದ್ದ ಎಂಟು ಚೀಟಿಗಳನ್ನು ಹಿಂದಕ್ಕೆ ಎಳೆದುಕೊಂಡ, ಜೆನೋವಿಯಳದರಿಂದ ಮತ್ತೆ ಶುರುಮಾಡಿದ. ಜನ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದರು. ಬತ್ತಿಗಳು ಕೋಕೋ ಶಿಲುಬೆಗಳ ಮೇಲೆ ಮೇಣ ಸುರಿಸತೊಡಗಿದವು. ಯಾರೂ ಹೊರಗೆ ಹೋಗಲಿಲ್ಲ. ಒಬ್ಬೊಬ್ಬರೂ ತಮ್ಮವರ ಸರದಿ ಬಂದಾಗ ತಲೆಯೆತ್ತಿ, ಮುಗಿದಾಗ ತಗ್ಗಿಸುತ್ತಿದ್ದರು. ಕಿಣಿ ಕಿಣಿ ಸದ್ದು ಯಾವಾಗಲೋ ನಿಂತಿತ್ತು.

ಗೋಡೆಯ ಪಕ್ಕದ ಸಣ್ಣ ಬಾಗಿಲು ಅರ್ಧ ತೆರೆದು, ಫಾದರ್ ವಿಸಾರಿಯೋನ್ ತಲೆ ಹೊರಹಾಕಿದರು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ಪೀಠದ ಕಡೆ ನೋಡಿದರು.

"ಕೊಸ್ತಾಕೆ," ಎಂದು ಪಿಸುಗುಟ್ಟಿದರು. "ಏನಾಯ್ತೋ? ಯಾಕಿಷ್ಟು ಹೊತ್ತು?"

ಕೊಸ್ತಾಕೆ ಬೆರಳನ್ನು ಸಾಲಿನ ಮೇಲಿಂದ ತೆಗೆಯಲಿಲ್ಲ.

"ಏನಿಲ್ಲ ಫಾದರ್," ಎಂದ. "ಹೆಸರುಗಳಿವೆ."